ಖಂಡ ತೀರದಲ್ಲಿ ಮುಗಿಯುವುದಿಲ್ಲ

ಕುಮಟಾದ ಓದುಗರೊಬ್ಬರು ಕೇಳಿದ್ದಾರೆ: "ಶಾಲೆಯ ಭೂಪಟದಲ್ಲಿ ನೀಲಿ ಬಣ್ಣ ಮುಗಿದಲ್ಲಿ ಖಂಡ ಶುರುವಾಗುತ್ತದೆ. ಹಾಗಾದರೆ ಕಡಲ ನೀರೆಲ್ಲ ಬತ್ತಿಹೋದರೆ ಖಂಡ, ಸಾಗರ ಎಂಬ ಭೇದವೇ ಇರುವುದಿಲ್ಲ ಅಲ್ಲವೇ?"

ಇರುತ್ತದೆ ಸ್ವಾಮಿ, ಇನ್ನಷ್ಟು ಢಾಳಾಗಿ ಕಾಣುತ್ತದೆ. ನೆಲದ ಸರಾಸರಿ ಎತ್ತರ ಸಮುದ್ರಮಟ್ಟದಿಂದ ಸುಮಾರು 840 ಮೀಟರ್; ಸಾಗರದ ಸರಾಸರಿ ಆಳ ಸುಮಾರು 3,700 ಮೀಟರ್. ಭೂಮಿಯ ಮೇಲ್ಮೈ ಹೆಚ್ಚುಕಡಿಮೆ ಎರಡು ಅಂತಸ್ತುಗಳಲ್ಲಿದೆ. ನಡುವಿನ ಇಳಿಜಾರಿನ ಪಾಲು ಕಡಿಮೆ. ಇದಕ್ಕೆ ಕಾರಣ ನೀರಲ್ಲ, ಕಲ್ಲು. ಖಂಡಗಳ ಭೂಕವಚ ಬಹುಮಟ್ಟಿಗೆ ಗ್ರಾನೈಟ್ ಜಾತಿಯದು; ಹಗುರ, ದಪ್ಪ ಸುಮಾರು 35ರಿಂದ 40 ಕಿ.ಮೀ. ಸಾಗರತಳದ್ದು ಬಸಾಲ್ಟ್, ಭಾರ, ದಪ್ಪ ಏಳು ಕಿ.ಮೀ. ಆಸುಪಾಸು. ಕೊಳದಲ್ಲಿ ತೇಲುವ ದಿಮ್ಮಿಗಳಲ್ಲಿ ದಪ್ಪನೆಯದು ಹೆಚ್ಚು ಮೇಲೆದ್ದಿರುವಂತೆ ಖಂಡಗಳು ಮೇಲೆದ್ದಿವೆ. ಉಳಿದ ತಗ್ಗಿನಲ್ಲಿ ನೀರು ನಿಂತಿದೆ, ಅಷ್ಟೆ.

ವಯಸ್ಸಿನಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ. ಸಾಗರತಳ ನಡುಗಡಲಿನ ಪರ್ವತಶ್ರೇಣಿಗಳಲ್ಲಿ ಹುಟ್ಟಿ, ಪಕ್ಕಕ್ಕೆ ಸರಿದು, ಕೊನೆಗೆ ಕಂದಕಗಳಲ್ಲಿ ಭೂಮಿಯೊಳಕ್ಕೆ ಜಾರುತ್ತದೆ. ಹಾಗಾಗಿ 20 ಕೋಟಿ ವರ್ಷಕ್ಕಿಂತ ಹಳೆಯ ಸಾಗರತಳ ಸಿಗುವುದೇ ಅಪರೂಪ. ಹಗುರವಾದ ಖಂಡಕ್ಕೆ ಹಾಗೆ ಮುಳುಗಲಾಗದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮೇಲೆ ಕುಳಿತು ಕಡಲೆಕಾಯಿ ಸುಲಿಯುವವರಿಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ!

ಇನ್ನು ತೀರದ ಮಾತು. ಖಂಡ ಅಲೆಯ ಕೆಳಗೂ ಮುಂದುವರಿಯುತ್ತದೆ. ಪಠ್ಯಪುಸ್ತಕದ 'ಖಂಡಾವರಣ' ಅದೇ. ನಿಮ್ಮೂರ ದೋಣಿಗಳು ಬಲೆ ಎಳೆಯುವುದು ಬಹುಪಾಲು ಈ ಮುಳುಗಿದ ಖಂಡದ ಮೇಲೆಯೇ. ಮುಂಬೈ ಎದುರು ಅದರ ಅಗಲ ಸುಮಾರು 300 ಕಿ.ಮೀ.; ದಕ್ಷಿಣಕ್ಕೆ ಬಂದಂತೆ ಕಿರಿದಾಗುತ್ತದೆ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಶ್ರೀಲಂಕಾಕ್ಕೆ ನಡೆದೇ ಹೋಗಬಹುದಿತ್ತು. ಖಂಡ ಕದಲಿರಲಿಲ್ಲ, ನೀರಿನ ಅಂಚು ಮಾತ್ರ ಸರಿದಿತ್ತು. ಸಾಗರ ಭೂಮಿಯ ಶೇ. 71 ಭಾಗವನ್ನು ಆವರಿಸಿದೆ ಎಂದು ನಾವು ಬಾಯಿಪಾಠ ಮಾಡಿದ ಲೆಕ್ಕ ನೀರಿನದು. ಕಲ್ಲಿನ ಲೆಕ್ಕ ಹಿಡಿದರೆ ಶೇ. 40ರಷ್ಟು ಖಂಡವೇ, ಅದರಲ್ಲಿ ಕಾಲು ಪಾಲಿಗೂ ಮಿಗಿಲು ನೀರಿನಡಿ ಇದೆ.

ಅತಿರೇಕದ ಉದಾಹರಣೆ ಬೇಕಿದ್ದರೆ ನ್ಯೂಜಿಲೆಂಡ್ ನೋಡಿ. ಸುಮಾರು 49 ಲಕ್ಷ ಚದರ ಕಿ.ಮೀ. ವಿಸ್ತಾರದ ಖಂಡವೊಂದರ ತುದಿಗಳಷ್ಟೇ ಅಲ್ಲಿ ಹೊರಗೆ ಕಾಣುತ್ತಿವೆ ಎಂದು 2017ರಲ್ಲಿ ಭೂವಿಜ್ಞಾನಿಗಳು ವಾದಿಸಿದರು. ಅದಕ್ಕೆ 'ಝೀಲ್ಯಾಂಡಿಯಾ' ಎಂದು ಹೆಸರು, ಶೇ. 94ರಷ್ಟು ಮುಳುಗಿದೆ. ಐಸ್‌ಲ್ಯಾಂಡಿನದು ಇದಕ್ಕೆ ತದ್ವಿರುದ್ಧ: ಅಟ್ಲಾಂಟಿಕ್‌ನ ನಡುಶ್ರೇಣಿಯೇ ಲಾವಾ ಪೇರಿಸಿಕೊಂಡು ನೀರಿನಿಂದ ಮೇಲೆದ್ದ ಜಾಗ ಅದು. ಭೂಪಟ ಮಾತ್ರ ಅದನ್ನು ಯುರೋಪ್ ಖಂಡಕ್ಕೆ ಸೇರಿಸಿಬಿಟ್ಟಿದೆ.

– ಸಂಪಾದಕ