ಹೊಲದಲ್ಲಿರುವ ಬೂದಿದಿಬ್ಬವನ್ನು ಸಮತಟ್ಟು ಮಾಡಬಹುದೇ?

ಪ್ರಶ್ನೆ: ಬಳ್ಳಾರಿ ಜಿಲ್ಲೆಯಲ್ಲಿರುವ ನಮ್ಮ ಪಿತ್ರಾರ್ಜಿತ ಹೊಲದ ಮೂಲೆಯಲ್ಲಿ ಬೂದಿಬಣ್ಣದ ಮಣ್ಣಿನ ದಿಬ್ಬವಿದೆ. ಹಿಂದೆ ಊರಿನವರು ಅದನ್ನು ಗೊಬ್ಬರಕ್ಕೆಂದು ಗಾಡಿಗಟ್ಟಲೆ ಒಯ್ಯುತ್ತಿದ್ದರಂತೆ. ಸುತ್ತ ಉಳುವಾಗ ಮಡಕೆಯ ಚೂರುಗಳೂ ನುಣುಪಾದ ಕಲ್ಲಿನ ಕೊಡಲಿಯೂ ಸಿಕ್ಕಿವೆ. ಜೆಸಿಬಿಯಿಂದ ಸಮತಟ್ಟು ಮಾಡಿಸಿ ಹನಿ ನೀರಾವರಿ ಹಾಕಿಸಬಹುದೇ? ಪುರಾತತ್ವ ಇಲಾಖೆಗೆ ತಿಳಿಸಿದರೆ ಜಮೀನು ಕೈತಪ್ಪುತ್ತದೆಯೇ?

ಉತ್ತರ: ದಯವಿಟ್ಟು ಜೆಸಿಬಿಯನ್ನು ಸದ್ಯಕ್ಕೆ ಕರೆಸಬೇಡಿ. ನಿಮ್ಮ ವಿವರಣೆಯಂತೆ ಅದು ನವಶಿಲಾಯುಗದ ಬೂದಿದಿಬ್ಬವಾಗಿರುವ ಸಾಧ್ಯತೆ ಹೆಚ್ಚು. ನಿಮ್ಮ ಜಿಲ್ಲೆಯ ಕುಡತಿನಿಯಲ್ಲಿರುವುದೂ ಇಂಥದ್ದೇ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬುತ್ತಾರೆ. ಸಾವಿರಾರು ವರ್ಷಗಳ ಹಿಂದಿನ ದನಗಾಹಿಗಳು ದೊಡ್ಡಿಗಳಲ್ಲಿ ಸೇರಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರಿಂದ ಇವು ಬೆಳೆದವು. ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಉತ್ಖನನ ನಡೆಸಿದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಕಂಡವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರ ಉತ್ಖನನದಿಂದ ದಿಬ್ಬಕ್ಕೆ ಹೊಂದಿಕೊಂಡೇ ಜನವಸತಿಯಿದ್ದುದು ತಿಳಿಯಿತು. ಆದ್ದರಿಂದ ದಿಬ್ಬವನ್ನಷ್ಟೇ ಬಿಟ್ಟರೆ ಸಾಲದು, ಅದರ ಬುಡದವರೆಗೆ ಕೊಳವೆಯ ಕಾಲುವೆಯನ್ನೂ ತೋಡಬಾರದು. ಚೂರುಗಳು ಸಿಗುವ ಸಮತಟ್ಟಾದ ನೆಲವೂ ಅಷ್ಟೇ ಮುಖ್ಯ, ನನ್ನ ಮಟ್ಟಿಗೆ ಇನ್ನೂ ಮುಖ್ಯ.

ಅಲ್ಲಿ ಆಳದ ಉಳುಮೆ, ಕೃಷಿಹೊಂಡ, ಬೇರು ಆಳಕ್ಕಿಳಿಯುವ ಮರಗಳು ಬೇಡ. ಹುಲ್ಲು ಬೆಳೆಯಲು ಬಿಡುವುದು ಒಳ್ಳೆಯದು, ಏಕೆಂದರೆ ಅದು ಮಳೆಯಿಂದಾಗುವ ಕೊರೆತವನ್ನೂ ತಡೆಯುತ್ತದೆ. ಹನಿ ನೀರಾವರಿಯ ಕೊಳವೆಗಳನ್ನು ಅಲ್ಲಿಂದ ದೂರದಲ್ಲಿ ಹಾಯಿಸಿ. ಬೂದಿಯನ್ನು ಗೊಬ್ಬರಕ್ಕೆ ಕೊಡುವುದನ್ನೂ ನಿಲ್ಲಿಸಿ. ಎಷ್ಟೋ ದಿಬ್ಬಗಳು ಕರಗಿರುವುದು ಹೀಗೆಯೇ.

ಜಮೀನಿನ ವಿಚಾರಕ್ಕೆ ಬಂದರೆ, ಮಾಹಿತಿ ಕೊಟ್ಟ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿ ಸಂರಕ್ಷಿತವೆಂದು ಘೋಷಿಸಿದರೆ ಬಳಕೆಗೆ ನಿರ್ಬಂಧಗಳು ಬರುತ್ತವೆ ಎಂಬುದನ್ನು ಮುಚ್ಚಿಡಲಾರೆ: ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ನಿಯಂತ್ರಿತ. ರಾಜ್ಯದ ಸಂರಕ್ಷಿತ ಸ್ಮಾರಕಗಳಿಗೆ 1961ರ ಪ್ರತ್ಯೇಕ ಕಾಯ್ದೆಯಿದೆ. ನಾಣ್ಯ, ಬಂಗಾರದಂಥ ಬೆಲೆಬಾಳುವ ನಿಕ್ಷೇಪ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ.

ಕೊಡಲಿ ಸಿಕ್ಕ ಜಾಗವನ್ನು ಸರ್ವೆ ನಂಬರಿನ ನಕ್ಷೆಯಲ್ಲಿ ಗುರುತಿಸಿ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಛಾಯಾಚಿತ್ರ ತೆಗೆದು, ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಬರೆಯಿರಿ. ಪತ್ರದ ಪ್ರತಿಯೊಂದು ತಹಶೀಲ್ದಾರರಿಗೂ ತಲುಪಲಿ. ಕೊಡಲಿಯನ್ನು ತೊಳೆದು ಉಜ್ಜದೆ ಹಾಗೆಯೇ ಇಟ್ಟುಕೊಂಡಿರಿ.