ಮಾರ್ಕಸ್‌ಗೆ ಮೊದಲು ಒಂದು ಬದುಕು ಕೊಡಿ

ನಮಸ್ಕಾರ. ಹದಿಹರೆಯದವರಿಗಾಗಿ ನೀವು ಬರೆದ ಕಾದಂಬರಿಯ ಹಸ್ತಪ್ರತಿ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬೆಳೆಯುತ್ತಿರುವ ಕನ್ನಡದ ಹುಡುಗಿ ನಿಧಿ. ಅವಳ ಕ್ಲಾಸಿನ ಕಪ್ಪು ಜನಾಂಗದ ಹುಡುಗ ಮಾರ್ಕಸ್ ಪೊಲೀಸರ ಗುಂಡಿಗೆ ಸಾಯುತ್ತಾನೆ. ನಿಧಿ ಭಾಷಣ ಮಾಡುತ್ತಾಳೆ, ಊರು ಬದಲಾಗುತ್ತದೆ.

ಮಾರ್ಕಸ್ ಎರಡನೇ ಅಧ್ಯಾಯದಲ್ಲಿ ಬಂದು ಮೂರನೆಯದರಲ್ಲಿ ಸಾಯುತ್ತಾನೆ. ಅವನು ಏನು ತಿನ್ನುತ್ತಾನೆ, ಯಾರ ಜೊತೆ ಜಗಳ ಆಡುತ್ತಾನೆ, ಒಂದೂ ಗೊತ್ತಾಗುವುದಿಲ್ಲ. 'ಒಳ್ಳೆಯ ಹುಡುಗ, ಯಾರ ತಂಟೆಗೂ ಹೋದವನಲ್ಲ' ಅಂತ ಮಾತ್ರ ಮತ್ತೆ ಮತ್ತೆ ಬರೆದಿದ್ದೀರಿ. ಒಳ್ಳೆಯವನಲ್ಲದಿದ್ದರೆ ಕೊಲ್ಲಬಹುದಿತ್ತಾ? ಅವನು ಸುಳ್ಳು ಹೇಳಲಿ, ಹೋಂವರ್ಕ್ ನಕಲು ಮಾಡಲಿ, ತಂಗಿಯನ್ನು ಗೋಳು ಹೊಯ್ದುಕೊಳ್ಳಲಿ. ಆಗ ಅವನು ಸತ್ತಾಗ ಓದುವವರಿಗೆ ನೋಯುತ್ತದೆ.

ನಿಮ್ಮ ಪೊಲೀಸ್ ಅಧಿಕಾರಿ ಸಿನಿಮಾ ಖಳನಾಯಕನ ಹಾಗೆ ನಗುತ್ತಾನೆ. ನೀವು ಆರಿಸಿಕೊಂಡ ಊರಿನಲ್ಲೇ 2014ರ ನವೆಂಬರಿನಲ್ಲಿ ಏನಾಯಿತು ನೋಡಿ. 12 ವರ್ಷದ ಕಪ್ಪು ಹುಡುಗ ಟಮೀರ್ ರೈಸ್ ಪಾರ್ಕಿನಲ್ಲಿ ಆಟದ ಪಿಸ್ತೂಲು ಹಿಡಿದಿದ್ದ. ಪೊಲೀಸರಿಗೆ ಫೋನ್ ಮಾಡಿದವರು 'ಅದು ನಕಲಿ ಇರಬಹುದು, ಅವನು ಚಿಕ್ಕ ಹುಡುಗ ಇರಬಹುದು' ಎಂದೂ ಹೇಳಿದ್ದರು. ಆ ಮಾತು ಕಾರಿನಲ್ಲಿದ್ದ ಪೊಲೀಸರಿಗೆ ತಲುಪಲೇ ಇಲ್ಲ. ಕಾರು ಬಂದ ಎರಡೇ ಸೆಕೆಂಡಿನಲ್ಲಿ ಗುಂಡು ಹಾರಿತು. ಓಡಿಬಂದ 14 ವರ್ಷದ ಅಕ್ಕನನ್ನು ನೆಲಕ್ಕೆ ಕೆಡವಿ ಕೈಗೆ ಕೋಳ ಹಾಕಿದರು. ಇಲ್ಲಿ ಯಾರೂ ಖಳನಾಯಕನ ನಗು ನಗಬೇಕಾಗಿಲ್ಲ, ಅಲ್ವಾ? ಕಪ್ಪು ಹುಡುಗನನ್ನು ಕಂಡ ಕೂಡಲೇ ಅಪಾಯ ಅಂದುಕೊಳ್ಳುವುದು ಎಷ್ಟು ರೂಢಿಯಾಗಿದೆ ಅನ್ನುವುದನ್ನು ಬರೆಯಿರಿ.

ನಿಧಿಯ ಭಾಷಣವನ್ನು ತೆಗೆದುಹಾಕಿ. ಸತ್ಯ ಹೊರಬರಲು ಭಾಷಣವೇ ಬೇಕಿಲ್ಲ. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಕುತ್ತಿಗೆ ಮೇಲೆ ಮಂಡಿಯೂರಿ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಸತ್ತಾಗ, ಪೊಲೀಸರ ಮೊದಲ ಹೇಳಿಕೆಯಲ್ಲಿ ಆ ಮಂಡಿಯ ಮಾತೇ ಇರಲಿಲ್ಲ. ಆರೋಗ್ಯದ ತೊಂದರೆ ಅಂತ ಬರೆದಿದ್ದರು. ಅದನ್ನು ಸುಳ್ಳು ಮಾಡಿದ್ದು 17 ವರ್ಷದ ಹುಡುಗಿ ಫೋನಿನಲ್ಲಿ ತೆಗೆದ ವಿಡಿಯೊ. ನಿಮ್ಮ ಓದುಗರದೂ ಅದೇ ವಯಸ್ಸು.

ನಿಮ್ಮ ಹಸ್ತಪ್ರತಿಯಲ್ಲಿ ನನಗೆ ತುಂಬಾ ಹಿಡಿಸಿದ ಜಾಗ ಒಂದಿದೆ. ನಿಧಿಯ ಅಮ್ಮ ದನಿ ತಗ್ಗಿಸಿ 'ಆ ಕರಿಯರ ಹುಡುಗನ ಕಾರು ಹತ್ತಬೇಡ' ಅನ್ನುತ್ತಾರೆ. ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ! ನಿಮ್ಮ ಕಾದಂಬರಿ ಇರುವುದೇ ಅಲ್ಲಿ. ಬೆಳ್ಳಗಿನ ಸೊಸೆ ಹುಡುಕುವ ಮನೆ, ಮಕ್ಕಳ ಗೆಳೆಯರನ್ನು ಬಣ್ಣ ನೋಡಿ ಅಳೆಯುವ ಮನೆ. ಇದನ್ನು ನಮ್ಮವರು ಬರೆಯುವುದು ಕಡಿಮೆ.

ಆ ಅಮ್ಮನ ಮುಂದೆ ಅಮೆರಿಕದ ಅಲಬಾಮ ರಾಜ್ಯದ 2015ರ ಸುದ್ದಿಯನ್ನೂ ಇಡಿ. ಮ್ಯಾಡಿಸನ್ ಊರಲ್ಲಿ ಗುಜರಾತಿನ ಅಜ್ಜ ಒಬ್ಬರು ಮಗನ ಮನೆಯ ಬೀದಿಯಲ್ಲಿ ಬೆಳಿಗ್ಗೆ ನಡೆಯುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಯಾರೋ ಪೊಲೀಸರಿಗೆ ಫೋನ್ ಮಾಡಿ ಸಣಕಲು ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಅಂದರು. ಪೊಲೀಸ್ ಅವರನ್ನು ನೆಲಕ್ಕೆ ಅಪ್ಪಳಿಸಿದ, ಮೈಗೆ ಭಾಗಶಃ ಲಕ್ವ ಹೊಡೆಯಿತು. ಇದನ್ನು ಓದಿದ ಮೇಲೆ ನಿಧಿಯ ಅಮ್ಮ ಏನನ್ನುತ್ತಾರೆ? ಬದಲಾಗುತ್ತಾರೆ ಅಂತ ಸುಮ್ನೆ ಬರೆಯಬೇಡಿ. 'ನಾವು ಅವರಲ್ಲ' ಅಂತಲೂ ಅವರು ಅನ್ನಬಹುದು, ಆಗ ನಿಧಿ ಏನು ಮಾಡುತ್ತಾಳೆ?

ಮೊದಲ ಐದು ಅಧ್ಯಾಯ ಹೊಸದಾಗಿ ಬರೆದು ಕಳಿಸಿ. ಅಷ್ಟರಲ್ಲಿ ಮಾರ್ಕಸ್ ಸಾಯುವುದು ಬೇಡ.