ಬಾಗಿಲು ತೆರೆಯುವುದು ಯಾವಾಗ, ಯಾರಿಗೆ ಮೊದಲು?

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ
2021 ಜೂನ್, ಮೂರನೆಯ ವಾರ

ಜೂನ್ 14ರಿಂದ ಬೆಂಗಳೂರೂ ಸೇರಿ ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ಲಾಕ್‌ಡೌನ್ ಸಡಿಲವಾಗಿದೆ. ಮೈಸೂರು, ಹಾಸನ, ದಕ್ಷಿಣ ಕನ್ನಡ ಮುಂತಾದ ಹನ್ನೊಂದು ಜಿಲ್ಲೆಗಳಲ್ಲಿ 21ರವರೆಗೆ ಮುಂದುವರಿದಿದೆ. ಈ ವಾರದ ಪತ್ರಗಳೆಲ್ಲ ಹೆಚ್ಚುಕಡಿಮೆ ಇದೇ ವಿಷಯದವು. ಇನ್ನೂ ತೆರೆದಿಲ್ಲವಲ್ಲ ಎಂದು ಕೆಲವರಿಗೆ ಸಿಟ್ಟು, ಇಷ್ಟು ಬೇಗ ತೆರೆದರಲ್ಲ ಎಂದು ಕೆಲವರಿಗೆ. ಸಕ್ಕರೆ ಕಾಯಿಲೆ, ಮಂಡಿನೋವಿನ ಪ್ರಶ್ನೆಗಳನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇನೆ.

ಚಿಕ್ಕಪೇಟೆಯಲ್ಲಿ ನಮ್ಮ ತಂದೆಯ ಕಾಲದ ಸೀರೆ ಅಂಗಡಿ. ಕಳೆದ ವರ್ಷ ಮದುವೆ ಕಾಲ ಹೋಯಿತು, ಈ ವರ್ಷವೂ ಹೋಯಿತು. ಅಕ್ಷಯ ತೃತೀಯ, ರಂಜಾನ್ ಎರಡೂ ಮೇ 14ಕ್ಕೇ ಬಂದವು, ಷಟರ್ ಎತ್ತಲಾಗಲಿಲ್ಲ. ಇನ್ನು ಆಷಾಢ ಬಂದರೆ ಕೇಳುವವರಿಲ್ಲ. ಮದ್ಯದಂಗಡಿ ತೆರೆಯಬಹುದು, ಕಾರ್ಖಾನೆ ತೆರೆಯಬಹುದು. ಕೊರೊನಾ ನನ್ನ ಅಂಗಡಿಯಲ್ಲಿ ಮಾತ್ರ ಇದೆಯೇ?
— ಜವಳಿ ವ್ಯಾಪಾರಿ, ಚಿಕ್ಕಪೇಟೆ

ನಿಮ್ಮ ಅಂಗಡಿಯಲ್ಲಿ ಮಾತ್ರ ಇಲ್ಲ. ಆದರೆ ಅಂಥ ಜಾಗದಲ್ಲಿ ಅದು ಬೇಗ ಹರಡುತ್ತದೆ. ಚಿಕ್ಕಪೇಟೆಯ ಅಂಗಡಿಗಳನ್ನು ನಾನು ಬಲ್ಲೆ. ಅಗಲ ಕಡಿಮೆ, ಉದ್ದ ಹೆಚ್ಚು, ಹಿಂಭಾಗಕ್ಕೆ ಕಿಟಕಿಯಿಲ್ಲ, ಮಹಡಿಯ ಮೆಟ್ಟಿಲಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಮದುವೆ ಸೀರೆ ಕೊಳ್ಳಲು ಒಬ್ಬರೇ ಬರುವುದೂ ಇಲ್ಲ. ಅತ್ತೆ, ನಾದಿನಿ, ಚಿಕ್ಕಮ್ಮ ಎಲ್ಲ ಸೇರಿ ಹಾಸಿನ ಮೇಲೆ ಕುಳಿತು, ಒಂದೊಂದು ಸೆರಗನ್ನೂ ಬಿಡಿಸಿ ನೋಡುತ್ತಾರೆ. ಗಾಳಿಯಾಡದ ಜಾಗ, ಹತ್ತಿರದ ಮಾತು, ಹೆಚ್ಚು ಹೊತ್ತು: ಈ ಮೂರೂ ಕೂಡಿದರೆ ಈ ವೈರಾಣುವಿಗೆ ಬೇರೇನೂ ಬೇಡ. ಬೀದಿಯಲ್ಲಿ ನಿಂತು ಪಾರ್ಸೆಲ್ ಪಡೆದು ಹೊರಡುವವನ ಅಪಾಯ ಅದಕ್ಕಿಂತ ಕಡಿಮೆ.

ಹಾಗೆಂದು ಮದ್ಯದಂಗಡಿಗೆ ಮೊದಲ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ಈ ಲೆಕ್ಕದಿಂದ ಎಂದು ನಾನು ನಂಬುವುದಿಲ್ಲ. ಅದು ಬೊಕ್ಕಸದ ಲೆಕ್ಕ. 2020ರ ಮೇ 4ರಂದು ಮದ್ಯದಂಗಡಿಗಳು ತೆರೆದಾಗ ಈ ಊರಿನ ಬೀದಿಗಳಲ್ಲಿ ಬೆಳೆದ ಸಾಲುಗಳನ್ನು ಎಲ್ಲರೂ ನೋಡಿದ್ದೇವೆ. ರಾಜ್ಯಕ್ಕೆ ಆ ಹಣ ಬೇಕು ಎಂದು ಸರ್ಕಾರ ಬಾಯಿಬಿಟ್ಟು ಹೇಳಲಿ. ಹೇಳದೆ ಇರುವುದರಿಂದಲೇ ನಿಮ್ಮಂಥವರು ಸೋಂಕಿನ ನಿಯಮವನ್ನೂ ಸುಳ್ಳೆಂದು ತಿಳಿಯುತ್ತಾರೆ.

ಒಂದು ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಅಂಗಡಿಯ ಹೊತ್ತನ್ನು ಕತ್ತರಿಸಿದರೆ ಜನ ಕಡಿಮೆಯಾಗುವುದಿಲ್ಲ, ಒತ್ತೊತ್ತಾಗಿ ಬರುತ್ತಾರೆ. ಮೇ ತಿಂಗಳಿನಲ್ಲಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಎಂದಾಗ ಮಾರುಕಟ್ಟೆಗಳಲ್ಲಿ ನಡೆದದ್ದು ಅದೇ. ನಿಮ್ಮ ಸರದಿ ಬಂದಾಗ ನಿಮ್ಮ ಸಂಘ ಕೇಳಬೇಕಾದದ್ದು ಬೇಗನೆ ತೆರೆಯುವ ದಿನಾಂಕವನ್ನಲ್ಲ, ದಿನಕ್ಕೆ ಹೆಚ್ಚು ಗಂಟೆಗಳನ್ನು. ಫೋನಿನಲ್ಲಿ ಹೊತ್ತು ಗೊತ್ತುಮಾಡಿ ಒಮ್ಮೆಗೆ ಒಂದೇ ಕುಟುಂಬವನ್ನು ಕರೆಯಿರಿ, ಎಸಿ ಆರಿಸಿ, ಗಾಳಿ ಹೊರಹಾಕುವ ಫ್ಯಾನ್ ಹಾಕಿಸಿ.

ನಿಮ್ಮ ಪತ್ರದಲ್ಲಿ ಅಂಗಡಿಯ ಹುಡುಗರ ಮಾತೇ ಇಲ್ಲ. ಎಪ್ರಿಲ್ ಕೊನೆಯಿಂದ ಅವರಿಗೆ ಸಂಬಳ ಹೋಗಿದೆಯೇ? ಲಸಿಕೆ ಆಗಿದೆಯೇ? ದಿನವಿಡೀ ಆ ಗಾಳಿಯಲ್ಲಿ ನಿಲ್ಲುವವರು ಅವರು. ಮುಂದಿನ ಪತ್ರದಲ್ಲಿ ಬರೆಯಿರಿ, ನಾನು ಕಾಯುತ್ತೇನೆ.

ನನ್ನ ಯಜಮಾನರು ಮೇ ಮೊದಲ ವಾರ ತೀರಿಕೊಂಡರು. ಆಕ್ಸಿಜನ್ ಹಾಸಿಗೆಗಾಗಿ ಮಗ ರಾತ್ರಿಯೆಲ್ಲ ಫೋನ್ ಹಿಡಿದು ಕುಳಿತಿದ್ದ. ಈಗ ರಸ್ತೆಯಲ್ಲಿ ಜನರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇನ್ನೆರಡು ತಿಂಗಳು ಮುಚ್ಚಿದ್ದರೆ ಇವರ ಗಂಟೇನು ಹೋಗುತ್ತಿತ್ತು?
— ಓದುಗರೊಬ್ಬರು, ರಾಜಾಜಿನಗರ

ತಾಯಿ, ಮೊದಲು ಮಗನ ವಿಷಯ. ಎಪ್ರಿಲ್ 30ರಂದು ಬೆಂಗಳೂರು ಒಂದರಲ್ಲೇ 26,756 ಹೊಸ ಪ್ರಕರಣಗಳು ಬಂದವು. ಅದರ ಮರುವಾರ ಹಾಸಿಗೆ ಹುಡುಕಿದ ಮನೆಗಳಲ್ಲಿ ನಿಮ್ಮದೂ ಒಂದು. ನಿಮ್ಮ ಮಗ ಇನ್ನೊಬ್ಬರಿಗೆ ಫೋನ್ ಮಾಡಿದ್ದರೆ ಸಿಗುತ್ತಿತ್ತು ಎಂಬ ಯೋಚನೆ ಅವನನ್ನು ಕೊರೆಯುತ್ತಿರುತ್ತದೆ. ಊರಿಗೆ ಊರೇ ಹುಡುಕುತ್ತಿದ್ದಾಗ ಇಲ್ಲದ ಹಾಸಿಗೆಯನ್ನು ಅವನು ಎಲ್ಲಿಂದ ತರಬೇಕಿತ್ತು? ಇದನ್ನು ಅವನಿಗೆ ಓದಿ ಹೇಳಿ.

ಇನ್ನೆರಡು ತಿಂಗಳ ಪ್ರಶ್ನೆ. ಊರನ್ನು ಮುಚ್ಚುವುದರಿಂದ ಆಸ್ಪತ್ರೆಗಳಿಗೆ ಸ್ವಲ್ಪ ಬಿಡುವು ಸಿಗುತ್ತದೆ, ಅಷ್ಟೇ. ಆ ಬಿಡುವಿನಲ್ಲಿ ಏನು ಮಾಡಿದೆವು ಎಂಬುದರ ಮೇಲೆ ಉಳಿದದ್ದು. ಕಳೆದ ವರ್ಷ ಜುಲೈ 14ರಿಂದ 22ರವರೆಗೆ ಬೆಂಗಳೂರನ್ನು ಮತ್ತೆ ಮುಚ್ಚಿದ್ದರು. ಆಮೇಲೂ ಸೋಂಕು ಏರುತ್ತಲೇ ಹೋಯಿತು, ಅಕ್ಟೋಬರ್‌ವರೆಗೆ ಇಳಿಯಲಿಲ್ಲ. ಇಳಿದ ಮೇಲೆ ನಮಗೆ ನಾಲ್ಕು ತಿಂಗಳಿಗೂ ಮೀರಿ ಕಾಲ ಸಿಕ್ಕಿತ್ತು. ಆದರೂ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಒಂದು ದಿನದೊಳಗೆ 24 ಜನ ಸತ್ತರು. ಆ ತಿಂಗಳುಗಳನ್ನು ಹಾಳುಮಾಡಿದವರು ಅಂಗಡಿಗೆ ಹೋದ ಜನರಲ್ಲ.

ತರಕಾರಿ ಚೀಲ ಹಿಡಿದು ಹೋಗುವವರಲ್ಲಿ ಹಲವರು ನಿಮ್ಮಂತೆಯೇ ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡವರು. ಸಿಟ್ಟು ಬಿಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಬಡಾವಣೆಯ ಆಸ್ಪತ್ರೆಯಲ್ಲಿ ಎಷ್ಟು ಆಕ್ಸಿಜನ್ ಹಾಸಿಗೆಗಳು ಹೊಸದಾಗಿ ಬಂದವು, ಆರೋಗ್ಯ ಕೇಂದ್ರಕ್ಕೆ ವಾರಕ್ಕೆ ಎಷ್ಟು ಲಸಿಕೆ ಬರುತ್ತಿದೆ ಎಂದು ಶಾಸಕರ ಕಚೇರಿಗೆ ಬರೆದು ಕೇಳಿ. ಉತ್ತರ ಬರುವವರೆಗೆ ಬರೆಯುತ್ತಲೇ ಇರಿ. ಆ ಕಾಗದಕ್ಕೆ ನಿಮ್ಮ ಸಹಿ ಬಿದ್ದರೆ ತೂಕ ಹೆಚ್ಚು.

ಟಿವಿಯಲ್ಲಿ ಒಬ್ಬ ತಜ್ಞರು ತೆರೆಯಿರಿ ಎನ್ನುತ್ತಾರೆ, ಇನ್ನೊಬ್ಬರು ಮುಚ್ಚಿ ಎನ್ನುತ್ತಾರೆ. ಸರ್ಕಾರದ ಸಮಿತಿ ಹೇಳಿದ್ದು ಒಂದು, ಆದದ್ದು ಇನ್ನೊಂದು. ಯಾರನ್ನು ನಂಬುವುದು?
— ನಿವೃತ್ತ ಬ್ಯಾಂಕ್ ನೌಕರ, ಜಯನಗರ

ಡಾ. ಎಂ.ಕೆ. ಸುದರ್ಶನ್ ಅವರ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ ಮೇ ತಿಂಗಳಿನಲ್ಲೇ ಅಳತೆಗೋಲು ಕೊಟ್ಟಿತ್ತು: ಪರೀಕ್ಷೆ ಮಾಡಿದ ನೂರು ಜನರಲ್ಲಿ ಸೋಂಕಿತರು ಐದಕ್ಕಿಂತ ಕಡಿಮೆಯಾಗಬೇಕು, ರಾಜ್ಯದ ದಿನದ ಪ್ರಕರಣಗಳು ಐದು ಸಾವಿರದೊಳಗೆ ಬರಬೇಕು. ಜೂನ್ 10ರಂದು ಮುಖ್ಯಮಂತ್ರಿಗಳು ಸಡಿಲಿಕೆ ಪ್ರಕಟಿಸಿದಾಗ ರಾಜ್ಯ ಆ ಗಡಿಗೆ ಇಳಿದಿರಲಿಲ್ಲ. ಜಿಲ್ಲೆಗಳನ್ನು ಬೇರೆಬೇರೆಯಾಗಿ ನೋಡಿ ತೀರ್ಮಾನಿಸಿದರು. ಅದು ತಪ್ಪೆಂದು ನಾನು ಹೇಳಲಾರೆ. ಮೈಸೂರಿನ ಏರಿಕೆಗಾಗಿ ಬೀದರಿನ ಬೀದಿ ವ್ಯಾಪಾರಿಯನ್ನು ಮನೆಯಲ್ಲಿ ಕೂರಿಸಬೇಕೇಕೆ? ಆದರೆ ಅಳತೆಗೋಲು ಬದಲಾಯಿಸಿದವರು ಕಾರಣ ಹೇಳಬೇಕಿತ್ತು.

ತಜ್ಞರ ಜಗಳದಲ್ಲಿ ಒಂದನ್ನು ಗಮನಿಸಿ. ವೈರಾಣು ಹೇಗೆ ಹರಡುತ್ತದೆ ಎಂಬುದರಲ್ಲಿ ಅವರಿಗೆ ಅಷ್ಟೇನೂ ಭಿನ್ನಾಭಿಪ್ರಾಯವಿಲ್ಲ. ಯಾರ ನಷ್ಟ ದೊಡ್ಡದು ಎಂಬುದರಲ್ಲಿ ಇದೆ. ಆ ಪ್ರಶ್ನೆಗೆ ವೈದ್ಯಶಾಸ್ತ್ರ ಓದಿದವರ ಉತ್ತರಕ್ಕೆ ನಿಮ್ಮ ಉತ್ತರಕ್ಕಿಂತ ಹೆಚ್ಚಿನ ಬೆಲೆಯಿಲ್ಲ.

ನನ್ನನ್ನು ಕಾಡುವುದು ಅವಸರ. ಸೋಂಕು ತಗುಲಿದ ಐದಾರು ದಿನಕ್ಕೆ ಜ್ವರ, ಇನ್ನೊಂದು ವಾರಕ್ಕೆ ಉಸಿರಾಟದ ತೊಂದರೆ, ಆಮೇಲೆ ಆಸ್ಪತ್ರೆ. 14ರಂದು ತೆರೆದದ್ದರ ಫಲ ಆಸ್ಪತ್ರೆಯಲ್ಲಿ ಕಾಣುವುದು ತಿಂಗಳ ಕೊನೆಗೆ. 21ಕ್ಕೇ ಇನ್ನೊಂದು ಬಾಗಿಲು ತೆರೆದರೆ ಮೊದಲನೆಯದರ ಫಲಿತಾಂಶ ನೋಡದೆ ತೆರೆದಂತೆ. ಎರಡು ಹಂತಗಳ ನಡುವೆ ಎರಡು ವಾರವಾದರೂ ಬೇಕು.

ಕಬ್ಬನ್ ಪಾರ್ಕಿಗೆ ಬೆಳಿಗ್ಗೆ ನಡೆದಾಡಲು ಹೋಗಬಹುದೇ? ಸೊಸೆ ಬೇಡ ಎನ್ನುತ್ತಾಳೆ.
— ವಸಂತನಗರ

ಹೋಗಿ. ಬೆಳಿಗ್ಗೆ ಐದರಿಂದ ಹತ್ತರವರೆಗೆ ತೆರೆದಿರುತ್ತದೆ. ಬಯಲಿನ ಗಾಳಿಯಲ್ಲಿ ಅಪಾಯ ತೀರಾ ಕಡಿಮೆ. ನಡೆದಾದ ಮೇಲೆ ಗೆಳೆಯರ ಮನೆಯೊಳಗೆ ಕುಳಿತು ಕಾಫಿ ಕುಡಿಯುವುದು ಬೇಡ.

ನಾನು ಗಾರ್ಮೆಂಟ್ಸ್ ಕೆಲಸದವಳು. ನೂರಕ್ಕೆ ಮೂವತ್ತು ಜನ ಎಂದು ಕಾರ್ಖಾನೆ ತೆರೆದಿದ್ದಾರೆ. ಬರದಿದ್ದರೆ ಕೆಲಸ ಹೋಗುತ್ತದೆ ಎಂದು ಸೂಪರ್‌ವೈಸರ್ ಫೋನ್ ಮಾಡಿದರು. ಬಸ್ ಇಲ್ಲ. ಆಟೊದಲ್ಲಿ ಹೋಗಿ ಬಂದರೆ ಕೂಲಿಯಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ಗಂಡ ಹೋಗಬೇಡ ಎನ್ನುತ್ತಾನೆ, ಅತ್ತೆ ಹೋಗು ಎನ್ನುತ್ತಾರೆ. ಏನು ಮಾಡಲಿ ಅಕ್ಕಾ?
— ಲಗ್ಗೆರೆ

ತಂಗಿ, ಈ ವಾರ ಬಂದ ಪತ್ರಗಳಲ್ಲಿ ನಿನ್ನದನ್ನು ಮತ್ತೆ ಮತ್ತೆ ಓದಿದೆ. ಕಾರ್ಖಾನೆಗೆ ಅನುಮತಿ ಬರೆದವರೇ ಬಸ್ಸಿಗೆ ಇಲ್ಲ ಎಂದು ಬರೆದಿದ್ದಾರೆ, ಆಟೊದಲ್ಲಿ ಇಬ್ಬರೇ ಪ್ರಯಾಣಿಕರು ಎಂದೂ ಬರೆದಿದ್ದಾರೆ. ಹಾಗಾದರೆ ಪೀಣ್ಯಕ್ಕೂ ಮೈಸೂರು ರಸ್ತೆಗೂ ಹೊಲಿಗೆಯ ಹೆಣ್ಣುಮಕ್ಕಳು ಬರುವುದು ಹೇಗೆ? ಸರಕು ಸಾಗಿಸುವ ಗಾಡಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಬಂದರೆ ಆ ನೂರಕ್ಕೆ ಮೂವತ್ತರ ನಿಯಮದಿಂದ ಉಳಿದ ಲಾಭ ದಾರಿಯಲ್ಲೇ ಹೋಯಿತು.

ಇದು ಹೊಸದೂ ಅಲ್ಲ. 2020ರ ಮೇ 5ರಂದು ಕಟ್ಟಡ ನಿರ್ಮಾಣದ ಉದ್ಯಮಿಗಳೊಂದಿಗೆ ಮುಖ್ಯಮಂತ್ರಿಗಳ ಸಭೆ ನಡೆಯಿತು. ಅದೇ ದಿನ ವಲಸೆ ಕಾರ್ಮಿಕರ ರೈಲುಗಳು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ಊರಿಗೆ ಹೋಗಲು ಗಂಟುಮೂಟೆ ಕಟ್ಟಿದ್ದವರು ಇಲ್ಲೇ ಉಳಿಯಬೇಕಾಯಿತು. ದೇಶವೆಲ್ಲ ಟೀಕಿಸಿದ ಮೇಲೆ ಕೆಲವೇ ದಿನಗಳಲ್ಲಿ ರೈಲು ಮತ್ತೆ ಹೊರಟಿತು. ಆಗ ಕೆಲಸದವರನ್ನು ಹೋಗಲು ಬಿಡದೆ ಕೆಲಸ ಶುರುಮಾಡಲು ನೋಡಿದರು, ಈಗ ಬರಲು ದಾರಿ ಕೊಡದೆ ಶುರುಮಾಡಿದ್ದಾರೆ. ತೆರೆಯುವ ಪಟ್ಟಿಯಲ್ಲಿ ಬಸ್ ಎಲ್ಲಕ್ಕಿಂತ ಮೊದಲು ಇರಬೇಕಿತ್ತು: ಅರ್ಧ ಸೀಟು, ತೆರೆದ ಕಿಟಕಿ, ಹೆಚ್ಚು ಬಸ್.

ಈಗ ನೀನು ಮಾಡಬೇಕಾದದ್ದು. ಒಬ್ಬಳೇ ಹೋಗಿ ಕೇಳಬೇಡ. ನಿಮ್ಮ ಬೀದಿಯಲ್ಲಿ ಅದೇ ಕಾರ್ಖಾನೆಗೆ ಹೋಗುವವರು ಒಟ್ಟಾಗಿ, ವಾಹನದ ವ್ಯವಸ್ಥೆ ಮಾಡಿ ಎಂದು ಬರೆದು ಕಚೇರಿಗೆ ಕೊಡಿ, ಪ್ರತಿ ಇಟ್ಟುಕೊಳ್ಳಿ. ಫೋನಿನಲ್ಲಿ ಹೆದರಿಸಿದ್ದರೆ ದಿನಾಂಕ, ಹೊತ್ತು ಬರೆದಿಡು, ಕಾರ್ಮಿಕ ಇಲಾಖೆಗೆ ದೂರು ಕೊಡುವಾಗ ಬೇಕಾಗುತ್ತದೆ. ಮಷಿನ್‌ಗಳ ನಡುವೆ ಒಂದೊಂದು ಬಿಟ್ಟು ಕೂರಿಸುತ್ತಾರೆಯೇ ನೋಡು. ಮಾಸ್ಕ್ ತೆಗೆಯುವುದು ಊಟದ ಹೊತ್ತಿಗೆ, ಅಪಾಯವಿರುವುದೂ ಅಲ್ಲೇ. ಡಬ್ಬಿಯನ್ನು ಹೊರಗೆ, ಮರದಡಿಯೋ ಮೆಟ್ಟಿಲ ಮೇಲೋ, ದೂರ ಕುಳಿತು ಉಣ್ಣಿ. ಜ್ವರ ಬಂದರೆ ಮುಚ್ಚಿಟ್ಟುಕೊಂಡು ಹೋಗಬೇಡ. ನಿನ್ನ ಸಂಬಳದಿಂದ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಂತು ಹಿಡಿಯುತ್ತಿದ್ದರೆ ಕಾಯಿಲೆಯ ರಜೆಗೆ ಕೂಲಿಯ ನೂರಕ್ಕೆ ಎಪ್ಪತ್ತರಷ್ಟು ಸಿಗುತ್ತದೆ, ಅದು ನಿನ್ನ ಹಣ.

ಗಂಡನೂ ಅತ್ತೆಯೂ ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದಾರೆ. ಅತ್ತೆಗೆ ವಯಸ್ಸಾಗಿದ್ದರೆ ಮೊದಲು ಅವರಿಗೆ ಲಸಿಕೆ ಹಾಕಿಸು. 45 ದಾಟಿದವರಿಗೆ ಸರ್ಕಾರಿ ಕೇಂದ್ರದಲ್ಲಿ ಉಚಿತ. ಹದಿನೆಂಟು ದಾಟಿದ ಎಲ್ಲರಿಗೂ ಜೂನ್ 21ರಿಂದ ಉಚಿತ ಎಂದು ಕೇಂದ್ರ ಪ್ರಕಟಿಸಿದೆ. ಆ ದಿನವೇ ನೀನೂ ಗಂಡನೂ ಸಾಲಿನಲ್ಲಿ ನಿಲ್ಲಿ.

ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು, ಎಸ್ಸೆಸ್ಸೆಲ್ಸಿ ಮಾತ್ರ ಜುಲೈನಲ್ಲಿ ನಡೆಯುತ್ತದೆಯಂತೆ. ಮಗಳನ್ನು ಕಳುಹಿಸಲು ಭಯ.
— ಯಲಹಂಕ

ಕಳುಹಿಸಿ. ಎರಡೇ ದಿನದ ಪರೀಕ್ಷೆ. ಕಳೆದ ವರ್ಷ ಜೂನ್ 25ರಿಂದ ಜುಲೈ 4ರವರೆಗೆ ಲಕ್ಷಾಂತರ ಮಕ್ಕಳು ಮಾಸ್ಕ್ ಧರಿಸಿ ಬರೆದರು. ನನ್ನ ಚಿಂತೆ ಆ ಎರಡು ದಿನದ್ದಲ್ಲ. ಒಂದು ವರ್ಷಕ್ಕೂ ಮೀರಿ ಶಾಲೆಯಿಂದ ದೂರವಿರುವ ಚಿಕ್ಕ ಮಕ್ಕಳದು. ಮನೆಯಲ್ಲಿ ಒಂದೇ ಮೊಬೈಲ್, ಅದೂ ಅಪ್ಪನ ಜೇಬಿನಲ್ಲಿ. ಮಾಲ್ ಯಾವಾಗ, ಚಿತ್ರಮಂದಿರ ಯಾವಾಗ ಎಂದು ಕೇಳುವವರಿಗೆ ಸಂಘಗಳಿವೆ. ಒಂದನೇ ತರಗತಿಯ ಮಗುವಿಗೆ ಯಾವ ಸಂಘವೂ ಇಲ್ಲ. ಶಾಲೆಯನ್ನು ಪಟ್ಟಿಯ ಕೊನೆಗೆ ತಳ್ಳಿರುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಶಿಕ್ಷಕರಿಗೆಲ್ಲ ಲಸಿಕೆ ಹಾಕಿ, ಮಾಲ್‌ಗಿಂತ ಮುಂಚೆ ಶಾಲೆ ತೆರೆಯಿರಿ.

ಅಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುತ್ತಾರೆ. ಕೊರೊನಾ ಇಲ್ಲ ಎಂಬ ಚೀಟಿ ತಂದರೆ ಮಾತ್ರ ಒಳಗೆ ಬಿಡುತ್ತೇವೆ, ಪ್ರತಿ ಹದಿನೈದು ದಿನಕ್ಕೊಮ್ಮೆ ತರಬೇಕು ಎನ್ನುತ್ತಾರೆ. ಮಾಲೀಕರ ಮನೆಯವರು ಯಾರೂ ಪರೀಕ್ಷೆ ಮಾಡಿಸಿಲ್ಲ. ಎರಡು ತಿಂಗಳ ಸಂಬಳವೂ ಬಂದಿಲ್ಲ. ಅಮ್ಮನ ಪರವಾಗಿ ನಾನು ಬರೆಯುತ್ತಿದ್ದೇನೆ.
— ಸರ್ಜಾಪುರ ರಸ್ತೆ

ಒಳ್ಳೆಯ ಕೆಲಸ ಮಾಡಿದೆ ಮಗು. ಇಂದು ಸೋಂಕಿಲ್ಲ ಎಂಬ ಚೀಟಿ ಇಂದಿನ ಮಟ್ಟಿಗೆ ಮಾತ್ರ ನಿಜ. ನಾಳೆ ಸೋಂಕು ತಗುಲಬಹುದು, ಅದೂ ಆ ಮನೆಯವರಿಂದಲೇ. ಹದಿನೈದು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವುದರಿಂದ ಯಾರಿಗೂ ರಕ್ಷಣೆಯಿಲ್ಲ. ಅಮ್ಮ ಮತ್ತು ಮನೆಯವರು ಇಬ್ಬರೂ ಮಾಸ್ಕ್ ಧರಿಸಬೇಕು, ಕೆಲಸದ ಹೊತ್ತಿನಲ್ಲಿ ಕಿಟಕಿ ತೆರೆದಿರಬೇಕು, ಲಿಫ್ಟ್ ಎಲ್ಲರಿಗೂ ಒಂದೇ ಇರಬೇಕು. ಈ ಉತ್ತರವನ್ನು ಕತ್ತರಿಸಿ ಆ ಅಪಾರ್ಟ್‌ಮೆಂಟಿನ ಸಂಘದವರಿಗೆ ಕೊಡು. ಆದರೂ ಚೀಟಿ ಬೇಕೇ ಬೇಕು ಎಂದರೆ ಬಿಬಿಎಂಪಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಖಾಸಗಿ ಲ್ಯಾಬಿಗೆ ದುಡ್ಡು ಕೊಡಬೇಡಿ.

ಮೇ ತಿಂಗಳಿನಲ್ಲಿ ಸರ್ಕಾರ ಪ್ರಕಟಿಸಿದ ನೆರವಿನಲ್ಲಿ ಮನೆಗೆಲಸದವರಿಗೆ ತಲಾ ₹2,000 ಇದೆ. ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಅಮ್ಮನ ಆಧಾರ್, ಬ್ಯಾಂಕ್ ಪುಸ್ತಕ ಇಟ್ಟುಕೊಂಡು ನೀನೇ ಮೊಬೈಲಿನಲ್ಲಿ ತುಂಬಬಹುದು. ಎಲ್ಲಾದರೂ ನಿಂತರೆ ನನಗೆ ಇನ್ನೊಂದು ಪತ್ರ ಹಾಕು. ಬಾಕಿ ಸಂಬಳವನ್ನು ಮನೆಮನೆಗೂ ಬೇರೆಬೇರೆಯಾಗಿ ಕೇಳಲಿ, ಎಷ್ಟು ತಿಂಗಳದು, ಎಷ್ಟು ರೂಪಾಯಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ.